ಮನೆಯಲ್ಲಿ ರೇಡಿಯೋ, ಶಾಲೆಯಲ್ಲಿ ಬೀಗ

ನೋಡಿ, ಮತ್ತೆ ಬಂದಳು. ನಾಲ್ಕು ಸಾಲು ಬರೆಯೋಣ ಅಂತ ಕೂತರೆ ಸಾಕು, ಎಲ್ಲಿದ್ದರೂ ನನ್ನ ಮಗಳ ಮೂಗಿಗೆ ವಾಸನೆ ಬಡಿಯುತ್ತದೆ. ಈಗಷ್ಟೇ ಬಂದು, "ಅಮ್ಮಾ, ಇರುವೆ ಯಾವ ಮಗ್ಗುಲಿಗೆ ಮಲಗ್ತಾವೆ?" ಅಂದಳು. "ನಿಮ್ಮಪ್ಪನ್ನ ಕೇಳು" ಅಂದೆ. "ಕೇಳಿದೆ. ನಿಮ್ಮಮ್ಮನ್ನ ಕೇಳು ಅಂದ" ಅಂದಳು. ನಮ್ಮ ಮನೆಯಲ್ಲಿ ವಿದ್ಯೆ ಅನ್ನೋದು ಹೀಗೆ ಅಡುಗೆಮನೆಗೂ ಅಂಗಡಿಗೂ ನಡುವೆ ಓಡಾಡಿಕೊಂಡಿರುತ್ತದೆ, ಎಲ್ಲೂ ಕೂರುವುದಿಲ್ಲ.

ನಮ್ಮದು ನ್ಯಾಮತಿ. ಬಸ್ ಸ್ಟ್ಯಾಂಡ್ ಹತ್ತಿರ ಗಂಡನ ಮಂಡಕ್ಕಿ-ಮಿರ್ಚಿ ಅಂಗಡಿ. ನಾನು ಓದಿದ್ದು ಹತ್ತನೇ ಕ್ಲಾಸು. ಪಾಸಾದ ದಿನ ನಮ್ಮಪ್ಪ ಓಣಿಗೆಲ್ಲ ಪೇಡಾ ಹಂಚಿ, "ಸದ್ಯಕ್ಕೆ ಸಾಕು, ಮುಂದೆ ನೋಡೋಣ" ಅಂದ. ಈ ಕಥೆ ಮಗಳಿಗೆ ಬಾಯಿಪಾಠ. ಹೋಂವರ್ಕ್ ಮಾಡುವಾಗ ನನಗೆ ಲೆಕ್ಕ ಬರದಿದ್ದರೆ ಅವಳೇ "ಸದ್ಯಕ್ಕೆ ಸಾಕು, ಮುಂದೆ ನೋಡೋಣ" ಅಂತ ಪುಸ್ತಕ ಮುಚ್ಚುತ್ತಾಳೆ.

ಮಗಳನ್ನು ಶಾಲೆಗೆ ಹಾಕಿದ ಮೇಲೆ ಇಂಥವು ದಿನಾ ಒಂದಲ್ಲ ಒಂದು ನಡೆಯುತ್ತಲೇ ಇರುತ್ತವೆ. ಆದರೆ ಈ ವರ್ಷ ನಡೆದದ್ದಕ್ಕೆ ಆಗ ನನಗೆ ನಗು ಬಂದಿರಲಿಲ್ಲ. ಈಗ ಬರುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ, ಇವಳು ಬಿಟ್ಟರೆ.

ಬೇರೆ ಯಾರದೋ ಮಗು

ಮಗಳು ಮೂರನೇ ಕ್ಲಾಸು, ನಮ್ಮ ಓಣಿಯ ಸರ್ಕಾರಿ ಶಾಲೆ. ಹಳೇ ಮೇಡಂಗೆ ಜಗಳೂರು ಕಡೆಗೆ ವರ್ಗವಾಗಿ, ದಸರಾ ರಜೆ ಮುಗಿದ ಮೇಲೆ ಹೊಸ ಮೇಡಂ ಬಂದರು. ಅವರು ಹೊನ್ನಾಳಿಯಿಂದ ದಿನಾ ಬಸ್ಸಿನಲ್ಲಿ ಓಡಾಡುವವರು. ಬಸ್ಸು ತಡವಾದರೆ ಅವರೂ ತಡ. ಓಣಿಯಲ್ಲಿ ಅವರ ಹೆಸರೇ ಬಸ್ಸಿನ ಮೇಡಂ.

ಒಂದು ದಿನ ಅವರು ನನ್ನನ್ನು ಕರೆಸಿ, "ನಿಮ್ಮ ಮಗಳು ಮಾತೇ ಆಡೋದಿಲ್ಲ" ಅಂದರು.

ನಾನು ಹಿಂದೆ ತಿರುಗಿ ನೋಡಿದೆ, ಇನ್ಯಾರಾದರೂ ತಾಯಿ ನಿಂತಿದ್ದಾಳೇನೋ ಅಂತ.

"ನಿಮಗೇ ಹೇಳ್ತಿರೋದು."

"ಮೇಡಂ, ನೀವು ಬೇರೆ ಯಾರದೋ ಮಗು ಅಂದ್ಕಂಡೀರಿ. ನನ್ನ ಮಗಳು ನೀರು ಕುಡಿಯಾಕೂ ಬಾಯಿ ಖಾಲಿ ಮಾಡಲ್ಲ."

"ಹೊರಗೆ ಆಡುವಾಗ ಚೆನ್ನಾಗೇ ಕೂಗ್ತಾಳ್ರೀ. ಒಳಗೆ ಬಂದ್ಲು ಅಂದ್ರೆ ಬಾಯಿಗೆ ಬೀಗ. ಓದು ಅಂದ್ರೆ ಓದಲ್ಲ, ಮಗ್ಗಿ ಹೇಳು ಅಂದ್ರೆ ಹೇಳಲ್ಲ. ಬರೆಯೋದೇನೋ ಬರೀತಾಳೆ. ಆದ್ರೆ ತಿಳಿದು ಬರೀತಾಳೋ, ಪಕ್ಕದೋಳನ್ನ ನೋಡಿ ಬರೀತಾಳೋ, ನನಗೆ ಹೆಂಗೆ ಗೊತ್ತಾಗ್ಬೇಕು?" ಅಂದವರು ಸ್ವಲ್ಪ ದನಿ ತಗ್ಗಿಸಿದರು. "ಮುಂದಿನ ತಿಂಗಳು ತಪಾಸಣೆಗೆ ಸಾಹೇಬ್ರು ಬರ್ತಾರೆ. ಒಂದೊಂದು ಮಗುನೂ ಎದುರಿಗೆ ನಿಲ್ಲಿಸಿ ಓದಿಸ್ತಾರೆ. ಅವತ್ತೂ ಹಿಂಗೇ ನಿಂತ್ರೆ ಓದಾಕೆ ಬರಲ್ಲ ಅಂತ ಬರ್ಕೋತಾರೆ. ಆಮೇಲೆ ಎರಡನೇ ಕ್ಲಾಸಿನ ಮಕ್ಕಳ ಜೊತೆ ಕೂರಿಸ್ಬೇಕಾಗ್ತದೆ. ಒಮ್ಮೆ ದಾವಣಗೆರೆಯಲ್ಲಿ ಡಾಕ್ಟರಿಗೂ ತೋರಿಸ್ರಿ."

ಮಗಳ ಕೈ ಹಿಡಿದು ಹೊರಟೆ. ಶಾಲೆಯ ಗೇಟು ದಾಟಿದ್ದೇ ತಡ, ಅವಳು ಶುರು ಮಾಡಿದಳು: ಎಮ್ಮೆಗೆ ಯಾಕೆ ಹುಬ್ಬಿಲ್ಲ, ಎಮ್ಮೆಗೆ ಸಿಟ್ಟು ಬಂದರೆ ಗೊತ್ತಾಗೋದು ಹೆಂಗೆ, ಹುಬ್ಬಿದ್ದಿದ್ದರೆ ಗೊತ್ತಾಗುತ್ತಿತ್ತಾ...

"ಅಯ್ಯೋ, ಒಂದು ಗಳಿಗೆ ಬಾಯಿ ಮುಚ್ಚೇ!" ಅಂದೆ. "ಮೇಡಂ ಏನಂದ್ರು ಗೊತ್ತೇನು? ನೀನು ಮಾತೇ ಆಡಲ್ವಂತೆ!"

"ಹೂಂ. ಒಳಗೆ ಆಡಲ್ಲ."

"ಯಾಕೆ?"

"ಮೇಡಂ ಬರ್ಲಿ, ಆಡ್ತೀನಿ."

ಹೊನ್ನಾಳಿ ಬಸ್ಸಿಗೆ ನಾಲ್ಕು ಬೈದೆ. ಅವಳು ಎಮ್ಮೆಯ ಹುಬ್ಬಿಗೆ ವಾಪಸ್ ಹೋದಳು.

ಬಜೆ

ನಮ್ಮತ್ತೆಯ ತವರು ಜಗಳೂರು ಕಡೆ. ಯಾವ ಕಾಯಿಲೆಗಾದರೂ ಅವರ ಹತ್ತಿರ ಒಂದು ಬೇರು ಇರುತ್ತದೆ. ವಿಷಯ ಕೇಳಿದವರೇ, "ನಾಲಿಗೆ ದಪ್ಪ ಐತೆ. ಬಜೆ ತೇಯ್ದು ನೆಕ್ಕಿಸಿದ್ರೆ ಮಾತು ಬಿಡ್ತದೆ" ಅಂದರು. ಬಜೆ ತಿನ್ನಿಸೋದು ಮಾತು ಬಾರದ ಕೂಸುಗಳಿಗೆ. ಇವಳೋ, ತೊಟ್ಟಿಲಲ್ಲೇ ಜಗಳ ತೆಗೆದವಳು. ನಾನು ಹೇಳಿದೆ. ಅತ್ತೆ ಕೇಳಲಿಲ್ಲ. ಕಲ್ಲಿನ ಮೇಲೆ ಜೇನುತುಪ್ಪ ಹಾಕಿ, ಬೇರು ತೇಯ್ದು, ಬೆರಳಿಗೆ ಹಚ್ಚಿಕೊಂಡು ಮೊಮ್ಮಗಳ ಮುಂದೆ ಕೂತರು.

ಮಗಳು ಮೂಗು ಹಿಡಿದುಕೊಂಡು ದೊಡ್ಡ ಭಾಷಣವನ್ನೇ ಮಾಡಿದಳು. ಇದು ಕಹಿ, ಇದು ಮಣ್ಣಿನ ವಾಸನೆ, ಅಜ್ಜಿ ಕೈ ತೊಳೆದಿಲ್ಲ, ಮೊದಲು ಅಜ್ಜಿ ನೆಕ್ಕಲಿ, ಆಮೇಲೆ ಅಮ್ಮ ನೆಕ್ಕಲಿ, ಇಬ್ಬರಿಗೂ ಏನೂ ಆಗದಿದ್ದರೆ ಸಂಜೆ ನೋಡೋಣ.

ಅತ್ತೆಗೆ ತಾಳ್ಮೆ ತಪ್ಪಿತು. "ಬಾಯಿ ಮುಚ್ಚೇ! ಮಾತು ಬರ್ಲಿ ಅಂತ ಔಷಧಿ ಕೊಡಾಕೆ ಬಂದ್ರೆ ಎಷ್ಟು ಮಾತಾಡ್ತೀಯ!"

ಹೇಗೋ ನೆಕ್ಕಿಸಿದರು. ವಾರ ಕಳೆದರೂ ಶಾಲೆಯಲ್ಲಿ ಬೀಗ ಬೀಗವೇ. "ಔಷಧಿ ಕೊಟ್ಟಿದ್ದು ಮನೇಲಿ, ಅದಕ್ಕೇ ಮನೇಲಿ ಕೆಲಸ ಮಾಡ್ತಾ ಐತೆ" ಅಂದ ಅತ್ತೆ, ತೇಯುವ ಕಲ್ಲನ್ನೇ ಸೀರೆ ಸೆರಗಿನಲ್ಲಿ ಕಟ್ಟಿಕೊಂಡು ಶಾಲೆಗೆ ಹೊರಟಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ. ತೇಯ್ದದ್ದು ಹಾಳಾಗಬಾರದೆಂದು ತಮ್ಮ ಮಗನನ್ನು ಕರೆದು ಅವನ ನಾಲಿಗೆಗೇ ಹಚ್ಚಿದರು. ನನ್ನ ಗಂಡ ಮದುವೆಯಾದಾಗಿನಿಂದ ಊಟದ ಮುಂದೆ ಒಂದು ಮಾತು ಆಡಿದವರಲ್ಲ. ಅವತ್ತು ಮಧ್ಯಾಹ್ನ ತಟ್ಟೆ ನೋಡಿ, "ಸಾರಿಗೆ ಉಪ್ಪು ಕಮ್ಮಿ ಐತೆ" ಅಂದರು.

ಬಜೆಗೆ ಗುಣವಿಲ್ಲ ಅಂತ ನಾನು ಹೇಳಲಾರೆ.

ಸಾಕ್ಷಿ

ಮಗಳಿಗೆ ಓದಲು ಬರುತ್ತದೆ ಅನ್ನುವುದಕ್ಕೆ ಸಾಕ್ಷಿ ಬೇಕಲ್ಲ. ಮನೆಯಲ್ಲೇ ಓದಿಸಿ ವಿಡಿಯೋ ಮಾಡಿ ಮೇಡಂ ಫೋನಿಗೆ ಕಳಿಸೋಣ ಅಂದುಕೊಂಡೆ. ಮಗಳು ಪಾಠ ಹಿಡಿದು ಕೂತಳು. ಒಂದು ಸಾಲು ಓದುವುದು, ಆ ಸಾಲಿನ ಮೇಲೆ ನಾಲ್ಕು ಮಾತು ತನ್ನದು ಸೇರಿಸುವುದು. ಪಾಠದಲ್ಲಿ ನರಿ ಬಂದರೆ ನರಿಯ ಹೆಂಡತಿ ಎಲ್ಲಿ ಅಂತ ಕೇಳುವುದು. ಅಂತೂ ಮುಗಿಸಿದಳು. ಮುತ್ತಿನಂಥ ಓದು. ನಾನು ಖುಷಿಯಲ್ಲಿ ಕಳಿಸಿಯೇ ಬಿಟ್ಟೆ.

ಕಳಿಸಿದ್ದು ಮೇಡಂಗಲ್ಲ, ಇಡೀ ಕ್ಲಾಸಿನ ವಾಟ್ಸಾಪ್ ಗುಂಪಿಗೆ. ಅದಾದರೂ ಪರವಾಗಿಲ್ಲ. ವಿಡಿಯೋದ ಹಿಂದಿನಿಂದ ನನ್ನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು: "ನೆಟ್ಟಗೆ ಓದೇ! ಆ ಬಸ್ಸಿನ ಮೇಡಂ ನಿನ್ನ ಎರಡಕ್ಕೆ ಇಳಿಸ್ತಾಳಂತೆ. ಇಳಿಸ್ಲಿ ನೋಡ್ತೀನಿ, ಅವಳನ್ನೇ ಹೊನ್ನಾಳಿ ಬಸ್ಸಿಂದ ಇಳಿಸ್ತೀನಿ!"

ನಾನು ನೋಡಿ ಅಳಿಸುವಷ್ಟರಲ್ಲಿ ಊರೆಲ್ಲ ನೋಡಿಯಾಗಿತ್ತು. ಒಬ್ಬ ತಂದೆ ಕೈಮುಗಿಯುವ ಚಿತ್ರ ಹಾಕಿದ್ದ. ಒಬ್ಬಳು ತಾಯಿ, "ಅಕ್ಕಾ, ಯಾವ ಸ್ಟಾಪಲ್ಲಿ?" ಅಂತ ಕೇಳಿದ್ದಳು. ಆಮೇಲೆ ಮೇಡಂ ಉತ್ತರ ಬಂತು.

"ಓದು ಚೆನ್ನಾಗಿದೆ. ಆದರೆ ಸಾಹೇಬರ ಎದುರಿಗೇ ಓದಬೇಕು. ಬಸ್ಸಿನಿಂದ ಇಳಿಸುವ ತೊಂದರೆ ತೆಗೆದುಕೊಳ್ಳಬೇಡಿ, ಶಾಲೆ ಬಂದಾಗ ನಾನೇ ಇಳಿಯುತ್ತೇನೆ."

ಮರುದಿನ ಅವರಿಗೆ ಬಿಸಿ ಮಿರ್ಚಿ ಕಟ್ಟಿಸಿ ಕಳಿಸಿದೆ. ತಿಂದರಂತೆ. ಅವತ್ತಿನಿಂದ ನನಗೆ ಅವರ ಮೇಲೆ ಸಿಟ್ಟಿಲ್ಲ.

ಚನ್ನಗಿರಿಯ ಇಂಗ್ಲಿಷ್

ಚನ್ನಗಿರಿಯಲ್ಲಿರುವ ನಮ್ಮಕ್ಕ ಫೋನಿನಲ್ಲೇ ತೀರ್ಪು ಕೊಟ್ಟಳು. "ಸರ್ಕಾರಿ ಶಾಲೆ ಬಿಡಿಸು. ನನ್ನ ಮಗನ ಥರ ಇಂಗ್ಲಿಷ್ ಸ್ಕೂಲಿಗೆ ಹಾಕು, ವ್ಯಾನು ಮನೆ ಬಾಗಿಲಿಗೆ ಬರ್ತದೆ. ಬಾಯಿ ತಾನಾಗೇ ಬಿಡ್ತದೆ." ಕಣ್ಣಾರೆ ನೋಡಿಕೊಂಡು ಬರೋಣ ಅಂತ ಭಾನುವಾರ ಮಗಳನ್ನು ಕರೆದುಕೊಂಡು ಹೋದೆ.

ಅಕ್ಕನ ಮಗ ನಮ್ಮನ್ನು ನೋಡಿದ್ದೇ ನೆಟ್ಟಗೆ ನಿಂತು, ಕೈ ಹಿಂದೆ ಕಟ್ಟಿ, "ಮೈ ನೇಮ್ ಈಸ್" ಅಂತ ಶುರು ಮಾಡಿದ. ಅಪ್ಪನ ಹೆಸರು, ಅಮ್ಮನ ಹೆಸರು, ಮೆಚ್ಚಿನ ಹಣ್ಣು, ಮೆಚ್ಚಿನ ಬಣ್ಣ, ಕೊನೆಗೆ ಥ್ಯಾಂಕ್ ಯೂ. ನಾನು ಅವನ ಸ್ವಂತ ಚಿಕ್ಕಮ್ಮ. ಹುಟ್ಟಿದಾಗ ಮೊದಲು ಎತ್ತಿಕೊಂಡವಳೇ ನಾನು. ಆದರೂ ಹೆಸರು ತಿಳಿದು ಸಂತೋಷವಾಯಿತು ಅಂದೆ.

ಅಷ್ಟರಲ್ಲಿ ಸಿಲಿಂಡರ್ ತಂದವನು ಬಂದ. ಹುಡುಗ ಅವನ ಮುಂದೆಯೂ ನಿಂತು ಮತ್ತೆ ಮೊದಲಿನಿಂದ ಒಪ್ಪಿಸಿದ. ಹೆಗಲ ಮೇಲೆ ತುಂಬಿದ ಸಿಲಿಂಡರ್ ಹೊತ್ತ ಆ ಮನುಷ್ಯ, ನಡುವೆ ಹೋದರೆ ಮರ್ಯಾದೆಯಲ್ಲ ಅಂತ ಮೆಚ್ಚಿನ ಬಣ್ಣದವರೆಗೂ ಕದಲದೆ ನಿಂತಿದ್ದ.

"ಗೊತ್ತಾಯ್ತಲ್ಲ?" ಅಂದಳು ಅಕ್ಕ ಹೆಮ್ಮೆಯಿಂದ. ನನ್ನ ಮಗಳ ಕಡೆ ತಿರುಗಿ, "ನೀನ್ಯಾಕೆ ಪುಟ್ಟಾ ಕ್ಲಾಸಲ್ಲಿ ಮಾತಾಡಲ್ಲ?" ಅಂತ ಕೇಳಿದಳು.

"ಮೇಡಂ ಇನ್ನೂ ವಾಪಸ್ ಬಂದಿಲ್ಲ ದೊಡ್ಡಮ್ಮ."

"ಪಾಪ, ಆ ಬಸ್ಸು" ಅಂದೆ ನಾನು.

ಹೊರಡುವಾಗ ಮಗಳು ಅಣ್ಣನನ್ನು ಪಕ್ಕಕ್ಕೆ ಕರೆದು, ಅವನು ಹೇಳಿದ್ದರ ಅರ್ಥ ಏನು ಅಂತ ಕೇಳಿದಳು. ಅವನು ಸುತ್ತ ನೋಡಿ ಪಿಸುಗುಟ್ಟಿದ: "ಅದು ಪರೀಕ್ಷೆಗಿಲ್ಲ."

ಹೊಸ್ತಿಲು

ಸಾಹೇಬರು ಬರುವ ದಿನ ಹತ್ತಿರವಾಗುತ್ತಿತ್ತು. ನನಗೆ ಊಟ ಸೇರುತ್ತಿರಲಿಲ್ಲ. ಮಗು ಎರಡನೇ ಕ್ಲಾಸಿನಲ್ಲಿ ಕೂತರೆ ಆಕಾಶ ಬೀಳುವುದಿಲ್ಲ ಅಂತ ಗಂಡ ಅಂದರು. ಆಕಾಶ ಬೀಳುವುದಿಲ್ಲ, ಮಗು ಬೀಳುತ್ತದೆ. ಗೆಳತಿಯರೆಲ್ಲ ಮುಂದಿನ ಬೆಂಚು, ಇವಳೊಬ್ಬಳು ಚಿಕ್ಕವರ ಜೊತೆ. ಒಮ್ಮೆ ದಡ್ಡಿ ಅನ್ನಿಸಿಕೊಂಡ ಹುಡುಗಿಯನ್ನು ಜನ ಎಲ್ಲಿಯವರೆಗೆ ಓದಿಸುತ್ತಾರೆ ಅಂತ ನನಗೆ ಗೊತ್ತು.

ಒಂದು ದಿನ ಮಗಳು ನೀರಿನ ಬಾಟಲಿ ಮರೆತು ಹೋದಳು. ಕೊಡಲು ಹೋದೆ. ಮೇಡಂ ಪಕ್ಕದ ಕೋಣೆಯಲ್ಲಿ ನಾಲ್ಕನೇ ಕ್ಲಾಸಿಗೆ ಲೆಕ್ಕ ಹಾಕಿಕೊಡುತ್ತಿದ್ದರು, ಎರಡೂ ಕ್ಲಾಸಿಗೆ ಅವರೊಬ್ಬರೇ. ಮೂರನೇ ಕ್ಲಾಸು ಅಂದರೆ ಸಂತೆ. ಒಬ್ಬ ಬೆಂಚಿನ ಮೇಲೆ, ಇಬ್ಬರು ಬೆಂಚಿನ ಕೆಳಗೆ. ನಡುವೆ ನನ್ನ ಮಗಳು, ಬಾಯಿ ಮೇಲೆ ಬೆರಳಿಟ್ಟುಕೊಂಡು, ಕಲ್ಲಿನ ಬೊಂಬೆಯ ಹಾಗೆ ಕೂತಿದ್ದಳು.

ಕಿಟಕಿಯಿಂದ, "ಯಾಕೇ ಹಿಂಗೆ ಕೂತೀಯ?" ಅಂದೆ. ತಡಿ ಅಂತ ಕೈ ಮಾಡಿದಳು. ಎದ್ದು ಬಂದು, ಹೊಸ್ತಿಲು ದಾಟಿ, ಬೆರಳು ತೆಗೆದಳು.

"ಹಳೇ ಮೇಡಂ ಹೇಳ್ಯಾರೆ. ದಸರಾ ಮುಂಚೆ ಪಾಠ ಮಾಡ್ತಿದ್ರು, ಆಫೀಸಿಂದ ಯಾರೋ ಕರೆದ್ರು. ಬಾಯಿ ಮೇಲೆ ಬೆರಳು, ನಾನು ವಾಪಸ್ ಬಂದು ತೆಗೀರಿ ಅನ್ನೋವರೆಗೂ ಯಾರೂ ತೆಗೀಬಾರ್ದು ಅಂದ್ರು. ನೀನೇ ಎಲ್ರಿಗಿಂತ ಬಾಯಿಬಡುಕಿ, ಅದಕ್ಕೇ ನೀನೇ ಲೀಡರ್ ಅಂದ್ರು. ಹೋದ್ರು. ಇನ್ನೂ ಬಂದಿಲ್ಲ."

ಅವತ್ತೇ ಅವರಿಗೆ ವರ್ಗದ ಆದೇಶ ಬಂದದ್ದು. ಹಾಗೆಯೇ ಬಸ್ಸು ಹತ್ತಿದ್ದರು.

"ಅವರು ಬರಲ್ಲ ಕಣೇ! ಉಳಿದೋರೆಲ್ಲ ತೆಗೆದಾರಲ್ಲ!"

"ಅವ್ರೇನು ಲೀಡರ್ರಾ?" ಅಂದಳು. ಬಾಟಲಿ ಇಸಕೊಂಡು, ಹೊಸ್ತಿಲ ಒಳಗೆ ಕಾಲಿಟ್ಟು, ಬೆರಳನ್ನು ವಾಪಸ್ ಬಾಯಿ ಮೇಲಿಟ್ಟಳು.

ಮೇಡಂ ಅವರನ್ನು ಹೊರಗೆ ಕರೆದು ಹೇಳಿದೆ. ಅವರು ಗೋಡೆಗೆ ಒರಗಿ ನಕ್ಕರು, ಆಮೇಲೆ ಕಣ್ಣು ಒರೆಸಿಕೊಂಡರು. "ಆ ಬೆರಳು ದಿನಾ ನೋಡ್ತಿದ್ದೆ, ನಾಚಿಕೆ ಅಂದ್ಕೊಂಡಿದ್ದೆ. ನಾನು ಬಂದಾಗ ಬೀರು, ಬೀಗದ ಕೈ, ಪಾತ್ರೆ ಎಲ್ಲದರ ಚಾರ್ಜ್ ತಗೊಂಡೆ. ಇದೊಂದನ್ನ ಯಾರೂ ಹೇಳ್ಲಿಲ್ಲ ನೋಡ್ರಿ!"

ಸಂಜೆ ಹಳೇ ಮೇಡಂಗೆ ಫೋನು ಮಾಡಿದೆ. ಎಲ್ಲ ಕೇಳಿದವರೇ ಫೋನನ್ನು ಮಗಳ ಕೈಗೆ ಕೊಡಿಸಿದರು. "ಅಯ್ಯೋ ಕಂದಾ, ತೆಗಿ, ಬೆರಳು ತೆಗಿ" ಅಂದರು.

"ಮನೇಲಿ ಬೆರಳೇ ಇಟ್ಟಿಲ್ಲ ಮೇಡಂ. ಕ್ಲಾಸಿಗೆ ವಾಪಸ್ ಬಂದು ಹೇಳ್ತೀನಿ ಅಂದಿದ್ರಿ."

ಜಗಳೂರಿನಿಂದ ಶಾಲೆ ಬಿಟ್ಟು ಅವರು ಬರುವುದು ಹೇಗೆ? ನಾವೆಲ್ಲ ತಲೆ ಮೇಲೆ ಕೈ ಹೊತ್ತು ಕೂತೆವು. ಆಗ ನನ್ನ ಗಂಡ ಬಾಯಿ ತೆರೆದರು.

"ಫೋನನ್ನೇ ಬಾಗಿಲಿಂದ ಒಳಗೆ ಕರ್ಕಂಡು ಹೋಗು. ಮುಖ ಕಾಣ್ತದಲ್ಲ."

ಮಗಳು ಯೋಚಿಸಿ, "ಬಾಗಿಲಿಂದ ಬಂದ್ರೆ ಆಗ್ತದೆ" ಅಂತ ಒಪ್ಪಿದಳು.

ಅತ್ತೆ ನನ್ನ ಕಡೆ ನೋಡಿ ಅಂದರು: "ನೋಡು, ಬಜೆ."

ಸಾಹೇಬರು ಬಂದ ದಿನ

ಕೊನೆಗೆ ಸಾಧ್ಯವಾದದ್ದು ಸಾಹೇಬರು ಬಂದ ದಿನವೇ. ಅದಕ್ಕೆ ಮುಂಚೆ ಜಗಳೂರಿನ ಆ ಹಳ್ಳಿಯಲ್ಲಿ ಸಿಗ್ನಲ್ಲೇ ಸಿಕ್ಕಿರಲಿಲ್ಲ.

ಸಾಹೇಬರು ಕುರ್ಚಿಯಲ್ಲಿ ಕೂತು ಒಂದೊಂದು ಮಗುವನ್ನೂ ಓದಿಸುತ್ತಿದ್ದರು. ನಾನು ಬಾಗಿಲ ಹೊರಗೆ ನಿಂತು ಜಗಳೂರಿಗೆ ಫೋನು ಹಚ್ಚುತ್ತಲೇ ಇದ್ದೆ. ನನ್ನ ಮಗಳ ಸರದಿ ಬಂತು. ಎದ್ದು ನಿಂತಳು. ಬೆರಳು ಬಾಯಿ ಮೇಲೆ. ಸಾಹೇಬರು ಪೆನ್ನು ತೆಗೆದರು. ಆಗ ಫೋನು ಹತ್ತಿತು. ನಾನು ವಿಡಿಯೋ ಎದೆಯ ಮುಂದೆ ಹಿಡಿದು, ಮೆರವಣಿಗೆಯಲ್ಲಿ ದೇವರ ಪಟ ತರುವ ಹಾಗೆ, ಬಾಗಿಲಿಂದ ಒಳಗೆ ನಡೆದೆ.

ಮಕ್ಕಳೆಲ್ಲ ಎದ್ದು, "ನಮಸ್ತೇ ಮೇಡಂ!" ಅಂದರು. ಸಾಹೇಬರೂ ಅರ್ಧ ಎದ್ದು ಕೈ ಮುಗಿದರು. ಮುಗಿದ ಮೇಲೆ ಯಾರಿಗೆ ಮುಗಿದೆ ಅಂತ ಸುತ್ತ ನೋಡಿದರು.

"ಮಗಳೇ, ನಾನು ವಾಪಸ್ ಬಂದೀನಿ..." ಅಂತ ಹಳೇ ಮೇಡಂ ಶುರು ಮಾಡಿದರು. ಅಷ್ಟರಲ್ಲಿ ಅವರ ಹಿಂದೆ ಜಗಳೂರಿನ ಮಕ್ಕಳ ಗಲಾಟೆ ಎದ್ದಿತು. ಅವರು ಹಿಂದೆ ತಿರುಗಿ ಹಳೆಯ ದನಿಯಲ್ಲಿ ಗದರಿದರು: "ಏಯ್! ಎಲ್ರೂ ಬಾಯಿ ಮೇಲೆ ಬೆರಳು!"

ಫೋನು ಕಟ್ಟಾಯಿತು.

ಇಲ್ಲಿ ನ್ಯಾಮತಿಯಲ್ಲಿ ಇಡೀ ಮೂರನೇ ಕ್ಲಾಸು ಬಾಯಿ ಮೇಲೆ ಬೆರಳಿಟ್ಟುಕೊಂಡು ನಿಂತಿತ್ತು.

"ಏನಮ್ಮಾ ಇದು?" ಅಂದರು ಸಾಹೇಬರು. "ಇಷ್ಟೊತ್ತು ಒಬ್ಬಳು ಮಾತಾಡ್ತಿರಲಿಲ್ಲ. ನೀವು ಬಂದು ಎಲ್ಲರನ್ನೂ ನಿಲ್ಲಿಸಿದ್ರಲ್ಲ!"

ನಾನು ಹೊರಗೆ ಓಡಿ ಹುಣಸೆ ಮರದ ಕೆಳಗೆ ಫೋನು ಮೇಲೆತ್ತಿ ಹಿಡಿದು ಸುತ್ತಿದೆ. ಬಸ್ಸಿನ ಮೇಡಂ ಸಾಹೇಬರಿಗೆ ಎಲ್ಲ ವಿವರಿಸುತ್ತಿದ್ದರು. ಅಂತೂ ಹತ್ತಿತು. ಅವಸರದಲ್ಲಿ ಕಿಟಕಿಯಿಂದ ಫೋನು ಒಳಗೆ ಹಿಡಿದರೆ, ಮಗಳು ಬಾಗಿಲ ಕಡೆ ಕೈ ತೋರಿಸಿದಳು. ಸುತ್ತು ಹಾಕಿ ಬಾಗಿಲಿಂದಲೇ ಬಂದೆ.

"ತೆಗೀರಿ ಮಕ್ಕಳೇ. ನೀನೂ ತೆಗಿ ಕಂದಾ. ಇನ್ನು ಯಾವತ್ತೂ ಇಡಬ್ಯಾಡ" ಅಂದರು ಹಳೇ ಮೇಡಂ.

ಮಗಳು ಬೆರಳು ತೆಗೆದಳು. ಪುಸ್ತಕ ಹಿಡಿದು, ಗಂಟೆ ಹೊಡೆದ ಹಾಗೆ ಓದಿದಳು. ಸಾಹೇಬರು ತೋರಿಸಿದ ಪಾಠ ಓದಿ, ಅದರ ಮುಂದಿನದನ್ನೂ ಓದಿದಳು. "ಭೇಷ್! ಮಾತಾಡೋ ಮಕ್ಕಳೇ ಜಾಣರು" ಅಂತ ಸಾಹೇಬರು ಬರೆದುಕೊಂಡರು. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಎರಡನೇ ಕ್ಲಾಸೂ ಬೇಡ, ದಾವಣಗೆರೆಯೂ ಬೇಡ.

ಆದರೆ ಅವಳು ನಿಲ್ಲಲಿಲ್ಲ. ದಸರಾದಿಂದ ಆ ಕೋಣೆಯೊಳಗೆ ಆಡದೆ ಕೂಡಿಟ್ಟ ಮಾತೆಲ್ಲ ಒಟ್ಟಿಗೆ ಹೊರಟಿತು. ಯಾರು ಯಾರ ಮೊಟ್ಟೆ ತಿಂದರು, ಸೀಮೆಸುಣ್ಣ ನುಂಗಿದವನ ಹೊಟ್ಟೆ ಏನಾಯಿತು, ಬಿಸಿಲಿನ ದಿನ ಪಾಠ ಮಾಡುತ್ತಾ ಮೇಡಂ ಹೇಗೆ ತೂಕಡಿಸಿದರು, ಮೇಡಂ ಅವರನ್ನ ಬಸ್ಸಿನಿಂದ ಇಳಿಸುತ್ತೀನಿ ಅಂತ ಅಮ್ಮ ಹೇಗೆ ಕೂಗಿದಳು, ಸಾರಿಗೆ ಉಪ್ಪು ಕಮ್ಮಿ ಅಂತ ಅಪ್ಪ ಯಾವತ್ತು ಅಂದ.

"ಸಾಕಮ್ಮಾ, ತಿಳೀತು" ಅಂದರು ಸಾಹೇಬರು.

"ಇದು ದೀಪಾವಳಿವರೆಗೆ ಸಾರ್. ಮುಂದೆ ಇನ್ನೂ ಐತೆ."

ಬಸ್ಸಿನ ಮೇಡಂ ಮುಖ ಕೆಂಪಾಗಿ, ಅಭ್ಯಾಸಬಲದಿಂದ ಕೈ ಎತ್ತಿದರು. "ಎಲ್ರೂ ಬಾಯಿ ಮೇಲೆ..."

"ಬ್ಯಾಡ ಮೇಡಂ!" ಸಾಹೇಬರು, ನಾನು, ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಬಿಸಿಯೂಟದಮ್ಮ, ಫೋನಿನೊಳಗಿಂದ ಹಳೇ ಮೇಡಂ, ಎಲ್ಲರೂ ಒಂದೇ ಸಲ ಕೂಗಿದೆವು.

ಅವತ್ತಿನಿಂದ ಶಾಲೆಯಲ್ಲೂ ರೇಡಿಯೋ. ಮನೆಯಲ್ಲಾದರೂ ಕಡಿಮೆಯಾದೀತು ಅಂದುಕೊಂಡಿದ್ದೆ. ಆಗಿಲ್ಲ. ನೋಡಿ, ಮತ್ತೆ ಬಂದಳು. ನನ್ನ ಭುಜದ ಮೇಲಿಂದ ಬಗ್ಗಿ, ನಾನು ಬರೆದದ್ದನ್ನೆಲ್ಲ ಮೊದಲಿನಿಂದ ಗಟ್ಟಿಯಾಗಿ ಓದಿದಳು. ಎರಡು ತಪ್ಪು ತಿದ್ದಿದಳು. ಪೇಡಾ ಹಂಚಿದ ಜಾಗಕ್ಕೆ ವಾಪಸ್ ಹೋಗಿ ಬೆರಳಿಟ್ಟು ನಿಂತಳು.

"ಅಮ್ಮಾ, ಅಜ್ಜ ನಿನಗೆ 'ಸದ್ಯಕ್ಕೆ ಸಾಕು, ಮುಂದೆ ನೋಡೋಣ' ಅಂದಿದ್ನಲ್ಲ. ಆಮೇಲೆ ವಾಪಸ್ ಬಂದು ನೋಡ್ಲೇ ಇಲ್ವಾ?"